ಗಂಟೆ ಬಾರಿಸಿದರೆ ಬರುವ ಬೆಕ್ಕು

ಕಾಮಿಗೋತೋ ದ್ವೀಪ
ಜೂನ್ 6

ಶಿಜಿಮಿ ಎಂಬ ಬೆಕ್ಕಿನ ಮನೆಯವರಿಗೆ,

ಚೀಟಿಯಲ್ಲಿ ಬೆಕ್ಕಿನ ಹೆಸರಿತ್ತು, ನಿಮ್ಮ ಹೆಸರಿರಲಿಲ್ಲ. ಅದಕ್ಕೇ ಹೀಗೆ ಕರೆದೆ, ಬೇಜಾರು ಮಾಡಿಕೊಳ್ಳಬೇಡಿ. ಹೋದ ವಾರ ಕಣ್ಣು ತೋರಿಸಲು ನಾಗಸಾಕಿಗೆ ಬಂದಿದ್ದೆ. ವಾಪಸ್ ಬರುವ ಹಡಗು ತಡವಾಯಿತು. ಬಂದರಿನ ಕೋಣೆಯಲ್ಲಿ ಗೋಡೆಗೆ ಅಂಟಿಸಿದ್ದನ್ನೆಲ್ಲ ಓದುತ್ತಾ ಕೊನೆಗೆ ನಿಮ್ಮ ಚೀಟಿಗೆ ಬಂದೆ. "ಗಂಡು ಬೆಕ್ಕು, ಕಪ್ಪು, ಬಾಲ ಕೊಕ್ಕೆಯ ಹಾಗೆ ಮಡಚಿದೆ. ಹೊಟ್ಟೆ ಸರಿಯಿಲ್ಲ, ಸರಿಹೋಗುವುದೂ ಇಲ್ಲ. ಬೇಕಾದವರು ಕುವಾತಾ ಡಾಕ್ಟರ ಪಶು ಆಸ್ಪತ್ರೆಯಲ್ಲಿ ಕೇಳಿ." ಬೆಕ್ಕು ಕೊಡುವವರು ಬೆಕ್ಕನ್ನು ಹೊಗಳುವುದನ್ನು ನೋಡಿದ್ದೇನೆ. ದೂರು ಹೇಳಿ ಕೊಡುವವರನ್ನು ನೋಡಿದ್ದು ಇದೇ ಮೊದಲು. ಯಾರಾದರೂ ಬರಲಿ ಅಂತ ಬರೆದಿದ್ದಾರೋ, ಯಾರೂ ಬರದಿರಲಿ ಅಂತ ಬರೆದಿದ್ದಾರೋ ಎಂದು ಹಡಗಿನಲ್ಲಿ ದಾರಿಯುದ್ದಕ್ಕೂ ಯೋಚಿಸಿದೆ.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನನಗೆ ಎದುರಿನವರ ಮಾತು ಅರ್ಧ ಮಾತ್ರ ಕೇಳಿಸುತ್ತದೆ. ಉಳಿದರ್ಧ ನಾನೇ ಊಹಿಸಿಕೊಳ್ಳುತ್ತೇನೆ, ಆಮೇಲೆ ಜಗಳವಾಗುತ್ತದೆ. ಆದ್ದರಿಂದ ಈ ಕಾಗದವನ್ನು ಡಾಕ್ಟರ ವಿಳಾಸಕ್ಕೆ ಹಾಕಿದ್ದೇನೆ, ಅವರು ನಿಮಗೆ ಮುಟ್ಟಿಸಲಿ.

ನನ್ನ ಹೆಸರು ಸೆತ್ಸು ಮಿಚಿಶಿತಾ. ವಯಸ್ಸು ಎಪ್ಪತ್ಮೂರು. ಗಂಡ ಮೀನು ಹಿಡಿಯುತ್ತಿದ್ದರು, ತೀರಿಕೊಂಡು ಬಹಳ ಕಾಲವಾಯಿತು. ಮಕ್ಕಳಿಲ್ಲ. ಇದ್ದೊಂದು ಮುದಿ ಬೆಕ್ಕು ಹೋದ ಚಳಿಗಾಲದಲ್ಲಿ ಸತ್ತಿತು. ಆಗಿನಿಂದ ನೀರು ಕಾಯಿಸುವ ಕೆಟಲಿನ ಜೊತೆ ಮಾತಾಡುತ್ತಿದ್ದೇನೆ. ಅದು ಕುದಿಯುವಾಗ ಮಾತ್ರ ಉತ್ತರ ಕೊಡುತ್ತದೆ.

ಬೀದಿ ಬೆಕ್ಕುಗಳಿಗೆ ಮನೆ ಹುಡುಕುವ ಸಂಘಕ್ಕೆ ಹೋಗಿದ್ದೆ. ಅಲ್ಲಿದ್ದ ಹುಡುಗಿ, "ಅರವತ್ತು ದಾಟಿ ಒಬ್ಬರೇ ಇರೋರಿಗೆ ನಾವು ಕೊಡಲ್ಲ ಅಜ್ಜಿ. ನಿಮಗೇನಾದ್ರೂ ಆದ್ರೆ ಬೆಕ್ಕಿನ ಗತಿ ಏನು?" ಅಂದಳು. "ಕೊಡದೇ ಇದ್ರೆ ನನ್ನ ಗತಿ ಏನು?" ಅಂದೆ. ಅವಳು ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದಳು. ನಮಸ್ಕಾರ ಮಾಡುವವರ ಹತ್ತಿರ ಜಗಳ ಆಡುವುದಕ್ಕಾಗುವುದಿಲ್ಲ, ಬಂದುಬಿಟ್ಟೆ.

ನಿಮ್ಮ ಬೆಕ್ಕಿಗೆ ಏನಾಗಿದೆ, ಮಡಿಲಲ್ಲಿ ಕೂರುತ್ತದೆಯೇ, ಬರೆಯಿರಿ.

ಸೆತ್ಸು ಮಿಚಿಶಿತಾ


ನಾಗಸಾಕಿ
ಜೂನ್ 22

ಸೆತ್ಸು ಮಿಚಿಶಿತಾ ಅವರಿಗೆ,

ಮಳೆ ಹಿಡಿದುಕೊಂಡಿದೆ. ಒಗೆದದ್ದು ಒಂದೂ ಒಣಗುತ್ತಿಲ್ಲ, ನಮ್ಮ ಮನೆಯಲ್ಲೋ ಒಗೆಯುವುದೇ ಹೆಚ್ಚು. ನಿಮ್ಮ ಕಾಗದವನ್ನು ಡಾಕ್ಟರು ಮಾತ್ರೆಗಳ ಜೊತೆಗೆ ಕೊಟ್ಟರು. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ, ಓದಿ ಬೇಡವೆಂದರೆ ನನಗೆ ಬೇಸರವಿಲ್ಲ.

ನಾನು ಶಿನೋಬು ತನಿಗಾವಾ. ವಯಸ್ಸು ನಲವತ್ತೊಂಬತ್ತು, ಮದುವೆಯಾಗಿಲ್ಲ. ಶಾಲೆಯೊಂದರ ಅಡುಗೆಮನೆಯಲ್ಲಿ ಮಕ್ಕಳಿಗೆ ಮಧ್ಯಾಹ್ನದ ಊಟ ಬೇಯಿಸುತ್ತೇನೆ. ಬೆಕ್ಕು ನನ್ನದಲ್ಲ, ಅಮ್ಮನದು. ಮೀನಂಗಡಿಯ ಹಿಂದಿನ ಚರಂಡಿಯಲ್ಲಿ ಸಿಕ್ಕಾಗ ಸಾರಿಗೆ ಹಾಕುವ ಶಿಜಿಮಿ ಚಿಪ್ಪಿನಷ್ಟೇ ಇದ್ದನಂತೆ, ಅದೇ ಹೆಸರಾಯಿತು. ಅಮ್ಮ ಹೋದ ವರ್ಷದ ವಸಂತದಲ್ಲಿ ತೀರಿಕೊಂಡಳು. ಆ ಬೇಸಿಗೆಯಿಂದ ಇವನ ಹೊಟ್ಟೆ ಕೆಟ್ಟಿತು.

ಡಾಕ್ಟರು ಕರುಳಿನ ಉರಿಯೂತ ಅನ್ನುತ್ತಾರೆ. ವಾಸಿಯಾಗುವ ಕಾಯಿಲೆಯಲ್ಲ, ನಿಭಾಯಿಸುವ ಕಾಯಿಲೆ. ವಾಂತಿ ಮಾಡುತ್ತಾನೆ. ಭೇದಿ ಮಾಡುತ್ತಾನೆ, ಅದೂ ಮರಳಿನ ತಟ್ಟೆಯವರೆಗೆ ಹೋಗುವಷ್ಟು ತಾಳ್ಮೆಯಿಲ್ಲದೆ. ಚಾಪೆ, ಹಾಸಿಗೆ, ಒಮ್ಮೆ ನನ್ನ ಕೆಲಸದ ಬಿಳಿ ಟೋಪಿ. ನಾಲ್ಕು ದಿನ ಸರಿಯಿದ್ದಾನೆ ಅಂದುಕೊಳ್ಳುವಷ್ಟರಲ್ಲಿ ಮತ್ತೆ ಶುರು. ಮೀನು ಹಾಲು ಸೋಕಿಸಲೇಬಾರದು ಅಂದಿದ್ದಾರೆ. ಅವರು ಕೊಟ್ಟ ಬೆಕ್ಕಿನ ಒಣ ಆಹಾರದ ಕಾಳು ಬಿಟ್ಟು ಬೇರೆ ಒಂದು ಚೂರನ್ನೂ ನಾನು ಅವನ ತಟ್ಟೆಗೆ ಹಾಕಿಲ್ಲ. ಬೆಳಗ್ಗೆ ಎದ್ದು ನೆಲ ಒರೆಸಿ, ಬುದ್ಧನ ಗೂಡಿನಲ್ಲಿ ಅಮ್ಮನಿಗೆ ಎಡೆಯಿಟ್ಟು ಗಂಟೆ ಬಾರಿಸಿ, ಇವನ ಬಾಯಿ ತೆಗೆಸಿ ಮಾತ್ರೆ ತುರುಕಿ, ಕೈ ಮೂರು ಸಲ ತೊಳೆದು ಕೆಲಸಕ್ಕೆ ಓಡುತ್ತೇನೆ. ಸಂಜೆ ಬಂದು ಮತ್ತೆ ನೆಲ.

ನಮ್ಮ ಅಡುಗೆಮನೆಯವರು ರೋಗವಿಲ್ಲವೆಂದು ತೋರಿಸಲು ಆಗಾಗ ನಮ್ಮ ಮಲವನ್ನು ಪರೀಕ್ಷೆಗೆ ಕೊಡಬೇಕು. ಇವನದನ್ನು ಡಾಕ್ಟರಿಗೆ ಒಯ್ಯಬೇಕು. ಎರಡೂ ಡಬ್ಬಿ ಒಂದೇ ಚೀಲದಲ್ಲಿ ಹೋಗುವ ದಿನ ನಾನು ಟ್ರಾಮಿನಲ್ಲಿ ಉಸಿರು ಬಿಗಿಹಿಡಿದು ಕೂತಿರುತ್ತೇನೆ. ಅದಲುಬದಲಾದರೆ ಶಾಲೆಗೆ ಬೀಗ ಬೀಳುತ್ತದೆ.

ಮಡಿಲಲ್ಲಿ ಕೂರುತ್ತಾನೆಯೇ ಎಂದು ಕೇಳಿದ್ದಿರಿ. ಅಮ್ಮನ ಮಡಿಲಲ್ಲಿ ಕೂರುತ್ತಿದ್ದ. ನನ್ನದರಲ್ಲಿ ಇಲ್ಲ.

ಶಿನೋಬು ತನಿಗಾವಾ


ಕಾಮಿಗೋತೋ
ಜುಲೈ 5

ಶಿನೋಬು ಅವರಿಗೆ,

ಹೆದರಿಸಲು ಬರೆದ ಕಾಗದ ಚೆನ್ನಾಗಿತ್ತು. ಟೋಪಿಯ ಕಥೆಯನ್ನು ಪಕ್ಕದ ಮನೆಯವಳಿಗೂ ಓದಿ ಹೇಳಿದೆ. ಮೀನಿನ ಬಲೆ, ಮೀನಿನ ಗಂಡ, ಮೀನಿನ ಬಟ್ಟೆ ತೊಳೆದವಳು ನಾನು. ಬೆಕ್ಕಿನ ಭೇದಿಗೆ ಮೂಗು ಮುಚ್ಚುವವಳಲ್ಲ.

ತೊಂದರೆ ಬೇರೆಯೇ ಇದೆ. ನಿಮ್ಮ ಡಾಕ್ಟರು ನನಗೆ ಬಹಳ ಮರ್ಯಾದೆಯಿಂದ ಬರೆದಿದ್ದಾರೆ. ನನ್ನ ವಯಸ್ಸಿನವರಿಗೆ ಬೆಕ್ಕು ಕೊಡಬೇಕಾದರೆ, ನನ್ನ ನಂತರ ಅದನ್ನು ನೋಡಿಕೊಳ್ಳುತ್ತೇನೆಂದು ಯಾರಾದರೂ ಹೆಸರು ಕೊಡಬೇಕಂತೆ. ಓಸಾಕಾದಲ್ಲಿ ನನ್ನ ಗಂಡನ ಅಣ್ಣನ ಮಗನಿದ್ದಾನೆ. ಅವನಿಗೆ ಬರೆದೆ, ಉತ್ತರವಿಲ್ಲ. ಅವನನ್ನು ಬಯ್ಯುವುದಿಲ್ಲ. ನನ್ನ ಹೆಣದ ಹೊಣೆಯೇ ಅವನಿಗೆ ಭಾರ, ಮೇಲೊಂದು ಭೇದಿ ಬೆಕ್ಕು ಯಾರಿಗೆ ಬೇಕು? ಫಾದರ್ ಅವರನ್ನು ಕೇಳಿದೆ. ನಮ್ಮದು ಅಜ್ಜನ ಕಾಲದಿಂದ ಚರ್ಚಿಗೆ ನಡೆದುಕೊಳ್ಳುವ ಮನೆ. "ಸೆತ್ಸು, ನನಗೆ ನಿನಗಿಂತ ವಯಸ್ಸಾಗಿದೆ" ಅಂದರು.

ಹಾಗಾಗಿ ಬೆಕ್ಕು ನನಗೆ ಸಿಗುವುದಿಲ್ಲ. ಬೇರೆ ಯಾರಾದರೂ ಕೇಳಿದರೆ ಕೊಟ್ಟುಬಿಡಿ. ಒಂದು ಮಾತು ಮಾತ್ರ ಹೇಳುತ್ತೇನೆ. ನಿಮ್ಮ ಕಾಗದದಲ್ಲಿ ನೆಲ, ಚಾಪೆ, ಟೋಪಿ, ಚೀಲ ಎಲ್ಲ ಇತ್ತು. ನೀವು ಏನು ತಿನ್ನುತ್ತೀರಿ, ಯಾರ ಜೊತೆ ಕೂತು ತಿನ್ನುತ್ತೀರಿ ಅನ್ನುವುದು ಇರಲಿಲ್ಲ. ಮಕ್ಕಳಿಗೆಲ್ಲ ಬಡಿಸಿ ಮನೆಗೆ ಬರುವವರು ನೀವು. ಅದನ್ನೂ ಬರೆಯಿರಿ.

ಸೆತ್ಸು


ನಾಗಸಾಕಿ
ಸೆಪ್ಟೆಂಬರ್ 18

ಸೆತ್ಸು ಅವರಿಗೆ,

ಇಷ್ಟು ದಿನ ಬರೆಯದಿದ್ದದ್ದಕ್ಕೆ ಕ್ಷಮಿಸಿ. ನೀವು ಕೇಳಿದ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದೆ. ನಿಂತುಕೊಂಡೇ ತಿನ್ನುತ್ತೇನೆ, ಒಲೆಯ ಪಕ್ಕ. ಇಷ್ಟು ಬರೆಯಲು ಎರಡು ತಿಂಗಳು ಬೇಕಾಯಿತು.

ಆಗಸ್ಟ್ ಕೆಟ್ಟದಾಗಿತ್ತು. ಸತ್ತ ಹಿರಿಯರು ಮನೆಗೆ ಬಂದು ಹೋಗುವ ಹಬ್ಬಕ್ಕೆ ಅಮ್ಮನಿಗೆ ಇಷ್ಟವಾದದ್ದೆಲ್ಲ ಮಾಡಿಟ್ಟಿದ್ದೆ. ಮೀನಿನ ವಡೆ, ಹಾಲಿನ ಸಿಹಿ, ಬೇಯಿಸಿದ ಕುಂಬಳಕಾಯಿ. ಗೂಡಿನ ಮುಂದೆ ಜಾಗ ಸಾಲದೆ ಕೆಳಗೆ ಮಣೆ ಹಾಕಿದೆ. ಅಮ್ಮನನ್ನು ಬೀಳ್ಕೊಟ್ಟ ಮಾರನೆಯ ದಿನ ಶಿಜಿಮಿ ಮಲಗಿದವನು ಏಳಲಿಲ್ಲ. ಡಾಕ್ಟರು ಕಾಲಿಗೆ ಸೂಜಿ ಚುಚ್ಚಿ ನೀರು ಏರಿಸಿದರು. ಅಮ್ಮ ಹೋಗುವಾಗ ಇವನನ್ನೂ ಕರೆದುಕೊಂಡು ಹೋಗುತ್ತಾಳೆ ಅಂದುಕೊಂಡೆ. ಆಸ್ಪತ್ರೆಯಲ್ಲಿ ಅವನ ಪಂಜರದ ಹೊರಗೆ ಕುರ್ಚಿ ಹಾಕಿಕೊಂಡು, ಇವನನ್ನಾದರೂ ಬಿಟ್ಟು ಹೋಗು ಅಂತ ಅವಳನ್ನು ಬೇಡಿಕೊಂಡೆ. ಬಿಟ್ಟಳು.

ಶಾಲೆ ಶುರುವಾದ ಮೇಲೆ ನಮ್ಮ ಅಡುಗೆಮನೆಯ ಮುಖ್ಯಸ್ಥೆ ತೊಕುನಾಗಾ ನನ್ನನ್ನು ಉಗ್ರಾಣಕ್ಕೆ ಕರೆದರು. ಕೆಟ್ಟ ಹೆಂಗಸೇನಲ್ಲ. "ತನಿಗಾವಾ, ನಿನ್ನ ಮೈಯಿಂದ ಔಷಧಿ ವಾಸನೆ, ಮತ್ತೇನೋ ವಾಸನೆ ಬರ್ತಿದೆ. ಎರಡು ಸಲ ತಡವಾಗಿ ಬಂದಿದೀಯ. ಇದು ಮಕ್ಕಳಿಗೆ ಅನ್ನ ಬೇಯಿಸೋ ಕೈ ಕಣೆ. ಬೆಕ್ಕೋ ಕೆಲಸವೋ ಅಂತ ನನ್ ಬಾಯಲ್ಲಿ ಹೇಳಿಸ್ಬೇಡ" ಅಂದರು. ಅಷ್ಟು ಹೇಳಿದರೆ ಹೇಳಿದ ಹಾಗೆಯೇ.

ಚೀಟಿ ನೋಡಿ ಇದುವರೆಗೆ ನಿಮ್ಮನ್ನು ಬಿಟ್ಟು ಯಾರೂ ಕೇಳಿಲ್ಲ. ನಿಮ್ಮ ನಂತರ ನೋಡಿಕೊಳ್ಳುವವರ ಹೆಸರು ಬೇಕು ತಾನೇ? ನನ್ನ ಹೆಸರು ಕೊಟ್ಟಿದ್ದೇನೆ. ಆ ಹೊತ್ತಿಗೆ ಕೆಲಸ ಬಿಟ್ಟಾದರೂ ನೋಡಿಕೊಳ್ಳುತ್ತೇನೆ. ಕುವಾತಾ ಡಾಕ್ಟರು ಕನ್ನಡಕ ತೆಗೆದು, "ಕೊಡೋರೇ ಮುಂದೆ ವಾಪಸ್ ತಗೊಳ್ತೀನಿ ಅಂತ ಹೆಸರು ಕೊಡೋದನ್ನ ನಾನು ನೋಡೇ ಇರ್ಲಿಲ್ಲ" ಅಂದರು.

ಮೊದಲು ಒಂದೆರಡು ತಿಂಗಳು ಇಟ್ಟುಕೊಂಡು ನೋಡಿ. ಆಗದಿದ್ದರೆ ಹೇಳಿ. ಆಗದಿದ್ದರೆ ಹೇಳಲು ಸಂಕೋಚ ಬೇಡ.

ಶಿನೋಬು


ಕಾಮಿಗೋತೋ
ಅಕ್ಟೋಬರ್ 20

ಶಿನೋಬು,

ಬೆಕ್ಕನ್ನು ಒಯ್ಯಲು ಬಂದು ನಿನ್ನ ಮನೆಯ ಅಷ್ಟೊಂದು ಮೆಟ್ಟಿಲು ಹತ್ತಿದ ಮೇಲೆ 'ನೀವು' ಅನ್ನುವಷ್ಟು ಉಸಿರು ನನ್ನಲ್ಲಿ ಉಳಿದಿಲ್ಲ. ಇನ್ನು ಮೇಲೆ ನೀನು.

ನನ್ನ ಹಳೆಯ ಬೆಕ್ಕಿನ ಬುಟ್ಟಿಯಲ್ಲಿ ಶಿಜಿಮಿ ಕ್ಷೇಮವಾಗಿ ಬಂದ. ಹಡಗಿನಲ್ಲಿ ಅವನು ಕೂಗಿದ ಕೂಗಿಗೆ ಒಬ್ಬ ಮುದುಕ ಬಂದು, "ಮಗೂನ ಯಾಕಮ್ಮ ಹಾಗೆ ಅಳಿಸ್ತೀಯ" ಅಂದ. ಬುಟ್ಟಿ ತೋರಿಸಿದೆ. ಬಗ್ಗಿ ನೋಡಿ, ಇನ್ನೂ ಬೇಜಾರಾಗಿ ಹೋದ. ಮನೆಗೆ ಬಂದವನೇ ಬೀರುವಿನ ಹಿಂದೆ ಸೇರಿಕೊಂಡ. ನೀನು ಬರೆದುಕೊಟ್ಟ ಹಾಗೆ ಕಾಳು, ಮಾತ್ರೆ, ನೀರು. ಮೊದಲೆರಡು ದಿನ ಭೇದಿಯಿತ್ತು. ಆಮೇಲೆ ನಿಂತಿತು. ಈಗ ಗಟ್ಟಿ, ಒಳ್ಳೆಯ ಬಣ್ಣ, ಸರಿಯಾಗಿ ತಟ್ಟೆಯಲ್ಲೇ. ವಾಂತಿ ಒಮ್ಮೆಯೂ ಇಲ್ಲ. ಮೈಯಲ್ಲಿ ಸ್ವಲ್ಪ ಮಾಂಸ ಕಂಡಿದೆ, ಬೆನ್ನು ಸವರಿದರೆ ಮೂಳೆ ಅಷ್ಟು ಕೈಗೆ ಸಿಗುವುದಿಲ್ಲ.

ಒಂದು ತಮಾಷೆ ಹೇಳುತ್ತೇನೆ. ನಮ್ಮ ಚರ್ಚಿನ ಗಂಟೆ ಹೊಡೆದ ಕೂಡಲೇ ಇವನು ಎಲ್ಲಿದ್ದರೂ ಎದ್ದು ಓಡಿ ಬರುತ್ತಾನೆ. ಬಂದು ಗೋಡೆಯ ಮೇಲಿನ ಮಾತೆ ಮರಿಯಳ ಚಿತ್ರದ ಕೆಳಗೆ ಬೆನ್ನು ನೆಟ್ಟಗೆ ಮಾಡಿ ಕೂರುತ್ತಾನೆ. ನಾನು ಪ್ರಾರ್ಥನೆ ಮುಗಿಸುವವರೆಗೂ ಅಲುಗುವುದಿಲ್ಲ. ಬೆಳಗ್ಗೆಯೂ ಹೀಗೇ, ಸಂಜೆಯೂ ಹೀಗೇ. ಫಾದರ್ ಬಂದು ನೋಡಿ, "ಊರಲ್ಲಿ ಅರ್ಧ ಜನಕ್ಕೆ ಇಷ್ಟು ಭಕ್ತಿಯಿಲ್ಲ, ಇವನಿಗೆ ಜ್ಞಾನಸ್ನಾನ ಮಾಡಿಸಿಬಿಡೋಣ" ಅಂದರು. ನಿಮ್ಮದು ಬುದ್ಧನ ಮನೆ, ನಿನ್ನನ್ನು ಕೇಳದೆ ಮಾಡಿಸುವುದಿಲ್ಲ.

ಮಡಿಲಿಗೆ ಬರುತ್ತಾನೆ. ಹೇಳಬೇಕೋ ಬೇಡವೋ ಅಂತ ಯೋಚಿಸಿದೆ. ಹೇಳಿದ್ದೇನೆ.

ಸೆತ್ಸು


ನಾಗಸಾಕಿ
ನವೆಂಬರ್ 11

ಸೆತ್ಸು ಅವರಿಗೆ,

ಬಹಳ ಸಂತೋಷವಾಯಿತು ಎಂದು ಬರೆಯಲು ಮೂರು ಸಲ ಕೂತೆ. ಸುಳ್ಳು ಬರೆಯಲು ಬರಲಿಲ್ಲ. ಸಂತೋಷವಾಗಿದೆ, ಆದರೆ ಅದರ ಕೆಳಗೆ ಬೇರೆಯೇ ಏನೋ ಇದೆ, ಅದೇ ದೊಡ್ಡದು.

ಅದೇ ಕಾಳು, ಅದೇ ಮಾತ್ರೆ. ನಾನು ಒಂದು ವರ್ಷಕ್ಕೂ ಹೆಚ್ಚು ಒದ್ದಾಡಿದೆ. ನಿಮ್ಮ ಮನೆಯಲ್ಲಿ ಎರಡೇ ದಿನದಲ್ಲಿ ನಿಂತಿತು. ಹಾಗಾದರೆ ಅವನ ಕಾಯಿಲೆ ನಾನೇ ಇರಬೇಕು. ಡಾಕ್ಟರನ್ನು ಕೇಳಿದೆ. ಅವರು ಮೆಲ್ಲಗೆ, "ಮನೆಯ ವಾತಾವರಣ, ಒಂಟಿತನ, ಒತ್ತಡ, ಇವೂ ಹೊಟ್ಟೆ ಕೆಡಿಸ್ತವೆ" ಅಂದರು. ಯಾರ ಒಂಟಿತನ ಅಂತ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅಡುಗೆಮನೆಯಲ್ಲಿ ಎಲ್ಲರೂ ನನ್ನನ್ನು ಹೊಗಳುತ್ತಿದ್ದಾರೆ. ಮುಖದಲ್ಲಿ ಕಳೆ ಬಂದಿದೆಯಂತೆ. ಸಂಜೆ ಬಾಗಿಲು ತೆಗೆದ ಕೂಡಲೇ ಈಗಲೂ ಮೊದಲು ನೆಲ ನೋಡುತ್ತೇನೆ, ಎಲ್ಲಿ ಕಾಲಿಡಬೇಕು ಅಂತ. ನೆಲ ಚೊಕ್ಕವಾಗಿರುತ್ತದೆ. ಬೆಳಗ್ಗೆ ಬಿಟ್ಟು ಹೋದದ್ದು ಬಿಟ್ಟ ಕಡೆಯೇ ಇರುತ್ತದೆ. ಒರೆಸುವ ಬಟ್ಟೆಗಳೆಲ್ಲ ಒಣಗಿ ಗರಿಗರಿಯಾಗಿ ಮಡಚಿ ಕೂತಿವೆ. ಅವನನ್ನು ಬಯ್ಯುತ್ತಿದ್ದೆನಲ್ಲ, ದಿನವಿಡೀ ನಾನು ಆಡುತ್ತಿದ್ದ ಮಾತಿನಲ್ಲಿ ಹೆಚ್ಚಿನದು ಅದೇ ಎಂದು ಈಗ ಗೊತ್ತಾಗಿದೆ. ಭಾನುವಾರ ಅಂಗಡಿಯಲ್ಲಿ ಚಿಲ್ಲರೆ ತೆಗೆದುಕೊಳ್ಳುವಾಗ ಮಾತಾಡಲು ಹೋದರೆ ಗಂಟಲು ಕಟ್ಟಿತ್ತು, ಶುಕ್ರವಾರದಿಂದ ಉಪಯೋಗಿಸಿರಲಿಲ್ಲ.

ಜ್ಞಾನಸ್ನಾನ ಬೇಕಾದರೆ ಮಾಡಿಸಿ. ಅವನು ನಿಮ್ಮ ಹತ್ತಿರವೇ ಇರಲಿ. ಸ್ವಲ್ಪ ದಿನ ಅವನ ಸುದ್ದಿ ಬರೆಯಬೇಡಿ ಎಂದು ಕೇಳಿಕೊಳ್ಳುತ್ತೇನೆ.

ಶಿನೋಬು


ಕಾಮಿಗೋತೋ
ಡಿಸೆಂಬರ್ 3

ಶಿನೋಬು,

ಬರೆಯಬೇಡ ಅಂದಿದ್ದೀಯ. ಬರೆಯುತ್ತಿದ್ದೇನೆ. ಬಯ್ದುಕೋ.

ಇವನ ಭಕ್ತಿಯ ವಿಷಯ. ನನಗೆ ಹೊಸ ಕನ್ನಡಕ ಬಂದಿದೆ. ಹಾಕಿಕೊಂಡು ಪ್ರಾರ್ಥನೆಗೆ ಕೂತಾಗ ಮೊದಲ ಸಲ ಇವನ ಮುಖ ಸರಿಯಾಗಿ ನೋಡಿದೆ. ಇವನು ಮರಿಯಳ ಕಡೆ ನೋಡುತ್ತಲೇ ಇಲ್ಲ. ನೋಡುವುದು ನನ್ನ ಕೈಯನ್ನು. ಪ್ರಾರ್ಥನೆ ಮುಗಿದು ನಾನು ಎದ್ದರೆ ಕಾಲಿಗೆ ಸುತ್ತಿಕೊಳ್ಳುತ್ತಾನೆ, ಕೈಗೆ ಮೂತಿ ಒತ್ತುತ್ತಾನೆ, ಏನೂ ಇಲ್ಲ ಅಂತ ಗೊತ್ತಾದ ಮೇಲೆ ಬಯ್ಯುವವನ ಹಾಗೆ ಒಂದು ಸಲ ಕೂಗಿ ಹೋಗುತ್ತಾನೆ. ಫಾದರ್‌ಗೆ ಇನ್ನೂ ಹೇಳಿಲ್ಲ, ನೊಂದುಕೊಂಡಾರು.

ನಿನ್ನ ಮನೆಗೆ ಬಂದಾಗ ನಿನ್ನ ತಾಯಿಯ ಗೂಡಿನ ಮುಂದೆ ಒಂದು ಪುಟ್ಟ ಬಟ್ಟಲಲ್ಲಿ ಅನ್ನ, ತಟ್ಟೆಯಲ್ಲಿ ಮೀನಿನ ವಡೆ ಇದ್ದವು. ಪಕ್ಕದಲ್ಲಿ ಒಂದು ಕಂಚಿನ ಗಂಟೆ. ನಮ್ಮಲ್ಲಿ ಸತ್ತವರಿಗೆ ಹೂವು, ಮೇಣದ ಬತ್ತಿ, ಅಷ್ಟೇ. ಊಟ ಇಡುವ ಪದ್ಧತಿಯಿಲ್ಲ. ಅದಕ್ಕೇ ತಿಳಿಯದೆ ಕೇಳುತ್ತೇನೆ, ತಪ್ಪಿದ್ದರೆ ಮನ್ನಿಸು. ಗಂಟೆ ಬಾರಿಸಿದ ಮೇಲೆ, ಸತ್ತವರು ಉಂಡಾದ ಮೇಲೆ, ಆ ಊಟವನ್ನು ನೀವು ಏನು ಮಾಡುತ್ತೀರಿ?

ಸೆತ್ಸು


ನಾಗಸಾಕಿ
ಡಿಸೆಂಬರ್ 9

ಸೆತ್ಸು ಅವರಿಗೆ,

ನಿಮ್ಮ ಕಾಗದವನ್ನು ಬಾಗಿಲಲ್ಲಿ ನಿಂತೇ ಓದಿದೆ. ಓದಿ, ಚಪ್ಪಲಿ ಬಿಡುವ ಕಟ್ಟೆಯ ಮೇಲೆ ಕೂತುಬಿಟ್ಟೆ.

ಎಡೆಯನ್ನು ಎಸೆಯಬಾರದು. ಸತ್ತವರು ಉಂಡು ಬಿಟ್ಟದ್ದನ್ನು ಇಳಿಸಿ ಮನೆಯವರು ಹಂಚಿಕೊಂಡು ತಿನ್ನಬೇಕು. ಅಮ್ಮ ನನಗೆ ಕಲಿಸಿದ್ದು ಹಾಗೆಯೇ. ಅಪ್ಪನಿಗೆ ಇಟ್ಟದ್ದನ್ನು ಅಮ್ಮನೂ ನಾನೂ ತಿನ್ನುತ್ತಿದ್ದೆವು. ಅಮ್ಮ ಹೋದ ಮೇಲೆ ಮನೆಯವರು ಅಂದರೆ ನಾನು ಮತ್ತು ಶಿಜಿಮಿ. ಅವಳಿಗೆ ಇಟ್ಟದ್ದು ನನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಇವನು ಅವಳ ಬೆಕ್ಕು. ಗಂಟೆ ಬಾರಿಸಿದರೆ ಓಡಿ ಬರುತ್ತಿದ್ದ. ಅನ್ನದ ಮೇಲಿನ ಮೀನಿನ ಪುಡಿ, ವಡೆಯ ಚೂರು, ಹಾಲಿನ ಸಿಹಿಯ ಅಂಚು. ಕೈಯಲ್ಲಿ ಹಿಡಿದು ಕೊಡುತ್ತಿದ್ದೆ. ಅವನು ನನ್ನ ಹತ್ತಿರ ಬರುತ್ತಿದ್ದದ್ದು ಆಗ ಮಾತ್ರ.

ಡಾಕ್ಟರು ಪ್ರತಿ ಸಲ ಕೇಳುತ್ತಿದ್ದರು, "ಬೇರೆ ಏನಾದ್ರೂ ಕೊಟ್ರಾ?" ಪ್ರತಿ ಸಲ ಇಲ್ಲ ಅಂದೆ. ಸುಳ್ಳು ಹೇಳಲಿಲ್ಲ ಸೆತ್ಸು ಅವರೇ. ಅದು ನಾನು ಕೊಟ್ಟದ್ದು ಅಂತ ನನಗೆ ಅನ್ನಿಸಿಯೇ ಇರಲಿಲ್ಲ. ಅದು ಅಮ್ಮ ಕೊಟ್ಟದ್ದು. ಅಮ್ಮನ ಊಟದಿಂದ ಅಮ್ಮನ ಬೆಕ್ಕಿಗೆ. ನಡುವೆ ನನ್ನ ಕೈ ಇದ್ದದ್ದನ್ನು ನಾನು ನೋಡಲೇ ಇಲ್ಲ. ನಿತ್ಯ ಮಕ್ಕಳ ಊಟದಲ್ಲಿ ಯಾವ ಮಗುವಿಗೆ ಮೊಟ್ಟೆ ಆಗುವುದಿಲ್ಲ, ಯಾವ ಮಗುವಿಗೆ ಹಾಲು ಆಗುವುದಿಲ್ಲ ಅಂತ ತಟ್ಟೆ ತಟ್ಟೆಯಾಗಿ ಬೇರೆ ಇಡುವವಳು ನಾನು.

ನಿನ್ನೆ ಡಾಕ್ಟರಿಗೆ ಹೇಳಿದೆ. ಬಯ್ಯುತ್ತಾರೆ ಅಂದುಕೊಂಡೆ. ಅವರು, "ನಮ್ ಮನೇಲೂ ಎಡೆ ಇಡ್ತೀವಿ. ಕೇಳ್ಬೇಕು ಅಂತ ನನಗೂ ಹೊಳೀಲಿಲ್ಲ" ಅಂದರು. ಕಾಯಿಲೆ ಇದ್ದೇ ಇದೆಯಂತೆ. ಆದರೆ ಬಾಯಿ ಕಟ್ಟಿದರೆ ಬಹಳ ವರ್ಷ ಬಾಳುತ್ತಾನಂತೆ, ಯಾರ ಮನೆಯಲ್ಲಾದರೂ.

ಯಾರ ಮನೆಯಲ್ಲಾದರೂ ಎಂಬ ಮಾತನ್ನು ಟ್ರಾಮಿನಲ್ಲಿ ಹೇಳಿಕೊಳ್ಳುತ್ತಾ ಬಂದೆ. ನೀವು ಅವನನ್ನು ಉಳಿಸಿದಿರಿ. ನಿಮ್ಮ ಹತ್ತಿರ ಇದನ್ನು ಕೇಳುವುದು ನಾಚಿಕೆಗೇಡು ಎಂದು ಗೊತ್ತು. ಆದರೂ ಕೇಳುತ್ತೇನೆ. ಅವನು ನನಗೆ ವಾಪಸ್ ಬೇಕು.

ಶಿನೋಬು


ಕಾಮಿಗೋತೋ
ಡಿಸೆಂಬರ್ 16

ಶಿನೋಬು,

ಬೆಕ್ಕು ನಿನ್ನ ತಾಯಿಯದು, ಕೇಳಲು ನಾಚಿಕೆ ಏಕೆ? ಕ್ರಿಸ್ಮಸ್ ಮುಗಿಯಲಿ. ಹೊಸ ವರ್ಷ ಕಳೆದ ಮೇಲೆ ಒಂದು ಶನಿವಾರ ಬಾ, ಉಳಿದು ಭಾನುವಾರ ಹೊರಡು. ಬುಟ್ಟಿ ನೀನೇ ತಾ. ನನ್ನ ಬುಟ್ಟಿ ಕೊಡುವುದಿಲ್ಲ.

ಇಲ್ಲಿ ಚಳಿ ಹೆಚ್ಚು. ದಪ್ಪ ಕೋಟು ಹಾಕಿಕೊ.

ಸೆತ್ಸು


ಕಾಮಿಗೋತೋ
ಜನವರಿ 22

ಶಿನೋಬು,

ಇದೇನು ಮಾಡಿದೆ ನೀನು?

ಭಾನುವಾರ ಪೂಜೆ ಮುಗಿದ ಮೇಲೆ ನಾನು ಬೇಕಂತಲೇ ಚರ್ಚಿನಲ್ಲಿ ಕೂತೆ. ಮೇಣದ ಬತ್ತಿಯ ಮೇಣ ಕೆರೆದೆ, ಬೆಂಚು ಒರೆಸಿದೆ, ಯಾರೂ ಹೇಳದ ಕೆಲಸವೆಲ್ಲ ಮಾಡಿದೆ. ನೀನು ಅವನನ್ನು ಎತ್ತಿಕೊಂಡು ಹಡಗು ಹತ್ತುವುದನ್ನು ನೋಡುವ ಶಕ್ತಿ ನನಗಿರಲಿಲ್ಲ, ಅದಕ್ಕೆ. ಹಡಗಿನ ಕೂಗು ಕೇಳಿದ ಮೇಲೆ ಎದ್ದು ಮನೆಗೆ ಬಂದೆ. ಕೆಟಲಿಗೆ ಏನು ಹೇಳಬೇಕು ಅಂತ ದಾರಿಯಲ್ಲೇ ಯೋಚಿಸಿಕೊಂಡಿದ್ದೆ.

ಬಂದು ನೋಡಿದರೆ ಬೆಕ್ಕಿದೆ. ನೀನು ತಂದ ಬುಟ್ಟಿಯಿದೆ. ನೀನಿಲ್ಲ.

ಬುಟ್ಟಿ ಮರೆತು ಹೋಗುವಷ್ಟು ಚಿಕ್ಕದಲ್ಲ, ಬೆಕ್ಕು ಮರೆಯುವ ಹಾಗೆ ಕೂಗುವುದಿಲ್ಲ. ಹಿಂದಿನ ದಿನ ಸಂಜೆಯೆಲ್ಲ ಅವನು ನಿನ್ನ ಕೋಟಿನ ಮೇಲೆ ಮಲಗಿದ್ದ. ನೀನು ಕೋಟು ಎಳೆಯಲು ಮನಸ್ಸಿಲ್ಲದೆ ನಡುಗುತ್ತಾ ಕೂತಿದ್ದೆ, ನಾನು ನೋಡಿದೆ. ಅಷ್ಟು ಬೇಕಾಗಿದ್ದವನನ್ನು ಬಿಟ್ಟು ಏಕೆ ಹೋದೆ? ನನ್ನ ಮೇಲೆ ಕರುಣೆಯಾದರೆ ಬೇಡ. ಕರುಣೆಗೆ ಬಂದ ಬೆಕ್ಕನ್ನು ನಾನು ಇಟ್ಟುಕೊಳ್ಳುವವಳಲ್ಲ. ಉತ್ತರ ಬರುವವರೆಗೂ ಬುಟ್ಟಿಯನ್ನು ಬಾಗಿಲ ಹತ್ತಿರವೇ ಇಟ್ಟಿರುತ್ತೇನೆ.

ಸೆತ್ಸು


ನಾಗಸಾಕಿ
ಫೆಬ್ರವರಿ 4

ಸೆತ್ಸು ಅವರಿಗೆ,

ಕರುಣೆಯಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಆ ಬೆಳಗ್ಗೆ ನೀವು ಹೋದ ಸ್ವಲ್ಪ ಹೊತ್ತಿಗೆ ಚರ್ಚಿನ ಗಂಟೆ ಹೊಡೆಯಿತು. ನಾನು ಅಡುಗೆಮನೆಯಲ್ಲಿದ್ದೆ. ಶಿಜಿಮಿ ಓಡಿ ಬಂದ. ಮರಿಯಳ ಹತ್ತಿರ ಹೋಗಲಿಲ್ಲ, ನೇರ ನನ್ನ ಹತ್ತಿರ ಬಂದು ಬೆನ್ನು ನೆಟ್ಟಗೆ ಮಾಡಿ ಕೂತ. ಕೊಕ್ಕೆ ಬಾಲ ಕಾಲಿಗೆ ಸುತ್ತಿಕೊಂಡು ನನ್ನ ಮುಖ ನೋಡಿದ. ಕೈಯನ್ನಲ್ಲ, ಮುಖ. ಹಾಗೆ ಯಾರಾದರೂ ನನ್ನನ್ನು ನೋಡಿ ಎಷ್ಟು ದಿನವಾಗಿತ್ತೋ. ಎಚ್ಚರವಾಗುವಷ್ಟರಲ್ಲಿ, ನಿಮಗೆಂದು ನಾಗಸಾಕಿಯಿಂದ ತಂದಿದ್ದ ಮೀನಿನ ವಡೆಯ ಪೊಟ್ಟಣ ಬಿಚ್ಚಿದ್ದೆ. ಒಂದು ಚೂರು ಮುರಿದು ಬಗ್ಗಿದ್ದೆ.

ಎಲ್ಲ ಗೊತ್ತಿದ್ದೂ. ಗೊತ್ತಾಗಿ ಎರಡು ತಿಂಗಳೂ ತುಂಬದಿದ್ದಾಗ.

ಆ ಚೂರನ್ನು ನಾನೇ ಬಾಯಿಗೆ ಹಾಕಿಕೊಂಡೆ. ಅವನು ಬಯ್ದು ಹೋದ. ಬುಟ್ಟಿಯನ್ನು ಗೋಡೆಗೆ ಒತ್ತರಿಸಿಟ್ಟು, ಬಾಗಿಲು ಎಳೆದುಕೊಂಡು ಬಂದರಿನ ದಾರಿ ಹಿಡಿದೆ. ನನ್ನ ಕೈಯನ್ನು ನಾನು ಬಲ್ಲೆ. ಒಂದು ವಾರ ಬಿಗಿಯಾಗಿರುತ್ತದೆ, ಒಂದು ತಿಂಗಳು ಬಿಗಿಯಾಗಿರುತ್ತದೆ. ಆಮೇಲೆ ಯಾವುದೋ ಒಂದು ಸಂಜೆ, ದಿನವಿಡೀ ಯಾರೂ ನನ್ನ ಜೊತೆ ಮಾತಾಡದ ಸಂಜೆ, ಅವನು ಬಂದು ಮುಂದೆ ಕೂರುತ್ತಾನೆ. ಅವನಿಗೆ ಬೇಕಾದದ್ದು ಆರೋಗ್ಯವಲ್ಲ, ವಡೆ. ನನಗೆ ಬೇಕಾದದ್ದು ಅವನು ಹತ್ತಿರ ಬರುವುದು. ನಾವಿಬ್ಬರೇ ಒಂದು ಮನೆಯಲ್ಲಿ ಇರಬಾರದು. ನಿಮ್ಮ ಮನೆಯಲ್ಲಿ ಅವನು ಏನೂ ಸಿಗದಿದ್ದರೂ ಮಡಿಲಿಗೆ ಬರುತ್ತಾನೆ. ಅವನು ಅಲ್ಲೇ ಇರಲಿ.

ಮೊನ್ನೆ ಅಮ್ಮನಿಗೆ ಎಡೆಯಿಟ್ಟು ಗಂಟೆ ಬಾರಿಸಿದೆ. ಯಾರೂ ಬರಲಿಲ್ಲ. ಇಳಿಸಿ, ಕೂತುಕೊಂಡು, ಪೂರ್ತಿ ನಾನೇ ತಿಂದೆ. ತಣ್ಣಗಾಗಿತ್ತು. ಅಮ್ಮ ಆ ವಡೆಯನ್ನು ಬಂದರಿನ ಹತ್ತಿರದ ಅಂಗಡಿಯಿಂದಲೇ ತರಿಸುತ್ತಿದ್ದಳು, ಬೇರೆ ಅಂಗಡಿಯದಾದರೆ ಮುಖ ಸಿಂಡರಿಸುತ್ತಿದ್ದಳು. ಏಕೆಂದು ಈಗ ಗೊತ್ತಾಯಿತು. ಇದು ತುಂಬಾ ಸಿಹಿ. ಅವಳಿಗೆ ಇಷ್ಟು ಸಿಹಿ ಇಷ್ಟವಿತ್ತೆಂದು ತಿಳಿಯದೆಯೇ ಇಷ್ಟು ಕಾಲ ಅವಳಿಗೆ ಬಡಿಸಿದ್ದೆ.

ಮಾರ್ಚ್‌ನಲ್ಲಿ ಶಾಲೆಗೆ ರಜೆ ಸಿಗುತ್ತದೆ. ಬರುತ್ತೇನೆ. ನೀವು ಬಡಿಸಿ, ಕೂತು ತಿನ್ನುತ್ತೇನೆ. ಚರ್ಚಿನ ಗಂಟೆ ಹೊಡೆಯುವಾಗ ಮಾತ್ರ ನನ್ನ ಎರಡೂ ಕೈಯನ್ನು ಹಿಡಿದುಕೊಳ್ಳಿ.

ಬುಟ್ಟಿಯನ್ನು ಬಾಗಿಲ ಹತ್ತಿರದಿಂದ ತೆಗೆದುಬಿಡಿ. ಅದು ಮರೆತದ್ದಲ್ಲ. ನಿಮ್ಮ ನಂತರ ಅವನನ್ನು ಕರೆದುಕೊಂಡು ಬರುತ್ತೇನೆಂದು ಹೆಸರು ಕೊಟ್ಟವಳು ನಾನು, ಆಗ ಬೇಕಾಗುತ್ತದೆ ಅಂತ ಬಿಟ್ಟು ಬಂದೆ. ಬೀರುವಿನ ಮೇಲೆ, ನಿಮ್ಮ ಕೈಗೂ ಎಟುಕದಷ್ಟು ಎತ್ತರದಲ್ಲಿ ಇಡಿ. ಅದರ ಮೇಲೆ ಬಹಳ ಧೂಳು ಕೂರಲಿ.

ಶಿನೋಬು